ಬೀಗದ ಕೈ

ಮೆರ್ತೋಲಾದ ಬಾಗಿಲನ್ನು ಮೊದಲು ಎತ್ತಬೇಕು,
ಹಟ ಹಿಡಿದು ಕೂತ ಮಗುವನ್ನು ಎತ್ತುವ ಹಾಗೆ,
ಆಮೇಲೆ ಕೀಲಿ ತಿರುಗಿಸಬೇಕು.
ಇಷ್ಟು ತಿಳಿಯಲು ನನಗೆ ಹತ್ತು ದಿನ ಹಿಡಿಯಿತು.
ಹತ್ತೂ ದಿನ ಎದುರುಮನೆಯ ದಿಯೊಲಿಂದಾ
ಮೀನಿನ ಹುರುಪೆ ಮೆತ್ತಿದ ಕೈಯಲ್ಲೇ ಬಂದು
ತೆಗೆದುಕೊಟ್ಟಳು.
ಹನ್ನೊಂದನೆಯ ದಿನ ನಾನೇ ತೆಗೆದೆ.
ಅವಳ ಮುಖ ಸಣ್ಣದಾಯಿತು.
ಹನ್ನೆರಡನೆಯ ದಿನ
ಬೇಕೆಂದೇ ತಡವರಿಸಿದೆ.

ಇಪ್ಪತ್ತಾರು ವರ್ಷ ಬ್ಯಾಂಕಿನ ನೆಲಮಾಳಿಗೆಯಲ್ಲಿ
ಲಾಕರುಗಳನ್ನು ಕಾದವಳು ನಾನು.
ಎರಡು ಕೀಲಿ ಸೇರದೆ ಅಲ್ಲಿ ಯಾವುದೂ ತೆರೆಯದು,
ಒಂದು ನನ್ನದು, ಒಂದು ಒಡೆಯರದು.
ನನ್ನದನ್ನು ತಿರುಗಿಸಿ, ಮುಖವನ್ನೂ ತಿರುಗಿಸಿ
ಹೊರಗೆ ಬಂದು ನಿಲ್ಲುವುದು ಕಸುಬು.
ಒಳಗೇನಿತ್ತೋ, ಒಂದು ದಿನವೂ ನೋಡಿದವಳಲ್ಲ.

ಇಲ್ಲಿ ಎಲ್ಲಕ್ಕಿಂತ ದೊಡ್ಡ ಬಾಗಿಲಿಗೆ
ಕೀಲಿಯಿಲ್ಲ, ಲೆಕ್ಕವಿದೆ:
ತೊಂಬತ್ತು ದಿನ ಒಳಗೆ, ತೊಂಬತ್ತು ದಿನ ಹೊರಗೆ.
ಬಾರಿಯಿಂದ ರಾತ್ರಿಯ ಹಡಗು ಹತ್ತುವಾಗ
ಗಡಿ ಕಾಯುವ ಹುಡುಗ ನನ್ನ ಪಾಸ್‌ಪೋರ್ಟಿನ ಠಸ್ಸೆಗಳನ್ನು
ಅಕ್ಕಿಯಲ್ಲಿ ಕಲ್ಲು ಆರಿಸುವವರಂತೆ
ಒಂದೊಂದೇ ಬದಿಗೆ ಸರಿಸಿ ನೋಡಿದ.
ಎಂಬತ್ತೊಂಬತ್ತು. ನಕ್ಕ.
ನಾನು ನಗಲಿಲ್ಲ, ಎದೆ ಇನ್ನೂ ಎಣಿಸುತ್ತಿತ್ತು.

ಪೆರ್ಮೆತ್‌ನ ಲುಮ್ತುರಿಯ ಮನೆಗೆ ಕೀಲಿ ಇತ್ತು,
ಬೀಗ ಇರಲಿಲ್ಲ; ಕೆಟ್ಟು ನಾಲ್ಕು ವರ್ಷವಂತೆ.
ಆದರೂ ಕೀಲಿಯನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟಳು,
ಎರಡೂ ಕೈಯೊಡ್ಡಿ ತಗೊಂಡೆ.
ರಾತ್ರಿ ಬಾಗಿಲಿಗೆ ಕುರ್ಚಿ ಆನಿಸಿ ಮಲಗಿದೆ,
ಒಂದು ವಾರ.
ಎಂಟನೆಯ ದಿನ ಅವಳತ್ತೆ ಹಿಪ್ಪುನೇರಳೆ ಆರಿಸಲು ಬಂದಳು,
ಮುದುಕಿಗೆ ಕೂರಲು ಏನಾದರೂ ಬೇಕಿತ್ತು.
ಕುರ್ಚಿ ಅಂಗಳಕ್ಕೆ ಹೋದದ್ದು ಮತ್ತೆ ಒಳಗೆ ಬರಲಿಲ್ಲ.

ಎಲ್ಲ ಊರೂ ಹೀಗೇ ಅಂದರೆ ಸುಳ್ಳಾದೀತು.
ಕುಲ್ದೀಗಾದ ಆಯ್ವಾರ್ಸ್ ಮೂರು ತಿಂಗಳಲ್ಲಿ
ಹನ್ನೆರಡು ಮಾತು ಆಡಿರಬಹುದು,
ಅದರಲ್ಲಿ ಐದು ಒಲೆಯ ಬಗ್ಗೆ.
ಕೀಲಿಯನ್ನು ಮೊಳೆಗೆ ತಗುಲಿಸಿ, ಮೊಳೆ ತೋರಿಸಿ, ಹೋದ.
ನನ್ನ ಹರಟೆಯೆಲ್ಲ ಗೋರ್ಕಲ್ಲ ಮೇಲಿನ ಮಳೆ.
ಹೊರಡುವ ಬೆಳಗ್ಗೆ ನೋಡಿದರೆ
ಮೆಟ್ಟಿಲಿನಿಂದ ಗೇಟಿನ ತನಕ
ಇಬ್ಬನಿ ಹೆಪ್ಪುಗಟ್ಟಿದ ಹಾದಿಗೆ ಒಲೆಯ ಬೂದಿ ಚೆಲ್ಲಿದ್ದ.
ಅದು ಹದಿಮೂರನೆಯ ಮಾತು ಅಂದುಕೊಂಡೆ.
ಬರೀ ಬೂದಿಯೂ ಇರಬಹುದು.

ನೋಡಲೇಬೇಕಾದ್ದನ್ನು ನೋಡಲಿಲ್ಲ.
ಪ್ಯಾರಿಸ್ಸು ಎರಡು ರೈಲಿನ ನಡುವೆ ಮೂರು ತಾಸು,
ಅದೂ ಲಾಂಡ್ರಿಯ ಗಾಜಿನ ಒಳಗಿಂದ.
ಬಟ್ಟೆ ಒಣಹಾಕುವ ಕ್ರಮ ಬೇಕಾದರೆ ಕೇಳಿ, ಹೇಳುತ್ತೇನೆ:
ಎಲ್ಲಿ ಒಳಉಡುಪು ಹಿಂದಿನ ಸಾಲಿಗೆ,
ಎಲ್ಲಿ ಭಾನುವಾರ ತಂತಿ ಖಾಲಿ ಬಿಡಬೇಕು,
ಯಾರ ಕ್ಲಿಪ್ಪು ಯಾರು ಮುಟ್ಟಬಾರದು.

ಡಿಸೆಂಬರು, ತ್ರಾವ್ನಿಕ್.
ಶೆಫಿಕಾ ಡಬ್ಬಿಯೊಂದರಿಂದ ಕೀಲಿ ತೆಗೆದಳು,
ನನ್ನ ಕೋಣೆಯದಲ್ಲ.
ಆ ಮನೆ ಈಗಿಲ್ಲ. ಯುದ್ಧದಲ್ಲಿ ಸುಟ್ಟಿತು.
ಮೊಮ್ಮಗಳು ಅಯ್ದಾ ನಡುವೆ ಕೂತು
ಮಾತನ್ನು ಈಚೆಗೂ ಆಚೆಗೂ ದಾಟಿಸುತ್ತಿದ್ದಳು.
ಕೀಲಿಗಳ ಕೆಲಸದವಳಲ್ಲವೇ ನೀನು,
ಇದನ್ನು ನೋಡಿ ಏನಾದರೂ ಹೇಳು.

ಬೆಳಕಿಗೆ ಹಿಡಿದೆ. ಹಲ್ಲು ಸವೆದಿತ್ತು.
ಹೆಬ್ಬೆರಳು ಒತ್ತುವ ಜಾಗ
ಇರಬೇಕಾದ ಮಗ್ಗುಲಲ್ಲಿ ಇರಲಿಲ್ಲ.
ಎಡಗೈಯವರು ಯಾರೋ ಇದನ್ನು ಬಹಳ ಬಳಸಿದ್ದಾರೆ, ಅಂದೆ.

ಅಯ್ದಾ ಅದನ್ನು ದಾಟಿಸಿದಳು.
ಶೆಫಿಕಾ ಎದ್ದು ಕಾಫಿ ಇಟ್ಟಳು,
ಮೂರು ಸಲ ಉಕ್ಕಿಸಿದಳು, ಒಮ್ಮೆಯೂ ಇತ್ತ ನೋಡದೆ.
ಕಿಟಕಿಯ ಹೊರಗೆ ಯಾರೋ ಹಿಮ ಗೋರುವ ಸದ್ದು.
ತಂಗಿ, ಅಂದಳು ಕೊನೆಗೆ. ಹೆಸರು ಹೇಳಲಿಲ್ಲ.

ಮುಖ ತಿರುಗಿಸಿ ಹೊರಗೆ ನಿಲ್ಲುವುದು ನನಗೆ ಚೆನ್ನಾಗಿ ಬರುತ್ತದೆ.
ಕಾಲು ಎದ್ದೂ ಎದ್ದವು.
ಕೂರಿಸಿದೆ.

ನಮ್ಮಲ್ಲಿ ಇದಕ್ಕೆ ಬೀಗದ ಕೈ ಅನ್ನುತ್ತಾರೆ,
ಏನಾದರೂ ಅನ್ನಬೇಕೆಂದು ಅಂದೆ.
ಕೈಯೇ? ಎಂದು ಎರಡು ಸಲ ಕೇಳಿಸಿದಳು ಮೊಮ್ಮಗಳಿಂದ.
ಹೌದು, ಕೈ.

ಮೇಜಿನ ಮೇಲೆ ಸಕ್ಕರೆಯ ಬಟ್ಟಲು ಸರಿಸಿ
ಅಂಗೈ ಚಾಚಿದಳು.
ಕೊಟ್ಟೆ.
ಕಾಫಿ ಆರಿತು,
ಯಾರಿಗೂ ಅವಸರವಿರಲಿಲ್ಲ.